ಡಯೋಡಿಗೆ ದಿಕ್ಕು ತಿಳಿಯುವುದು ಹೇಗೆ?

ಕಳೆದ ದೀಪಾವಳಿಗೆ ಭಾವಿಕೇರಿಯ ಮನೆಗೆ ಹಳೆಯ ವಿದ್ಯಾರ್ಥಿಯೊಬ್ಬ ಬಂದಿದ್ದ. ಸೌರದೀಪಗಳನ್ನು ಜೋಡಿಸುವ, ಕೆಟ್ಟದ್ದನ್ನು ದುರಸ್ತಿ ಮಾಡುವ ಕೆಲಸ ಈಗ ಅವನದು. ಚಹಾ ಕುಡಿದು ಎದ್ದವನು ಅಂಗಿಯ ಕಿಸೆಯಿಂದ ಸುಟ್ಟು ಕರಕಲಾದ ಒಂದು ಡಯೋಡನ್ನು ತೆಗೆದು ನನ್ನ ಅಂಗೈಯ ಮೇಲಿಟ್ಟ. “ಸರ್, ಇದರ ಬಗ್ಗೆ ಒಮ್ಮೆ ಕ್ಲಾಸಿನಲ್ಲಿ ಕೇಳಿದ್ದೆ. ನೀವು ಕೂತ್ಕೋ ಅಂದಿದ್ರಿ” ಎಂದು ನಕ್ಕ. ನಗೆಯಲ್ಲಿ ಆಕ್ಷೇಪವಿರಲಿಲ್ಲ. ಆದರೂ ನನಗೆ ಚುಚ್ಚಿತು, ಏಕೆಂದರೆ ಆ ದಿನ ನನಗೂ ಚೆನ್ನಾಗಿ ನೆನಪಿತ್ತು.

ಅರೆವಾಹಕಗಳ ಪಾಠ. ಕಪ್ಪುಹಲಗೆಯ ಮೇಲೆ ಒಂದು ತ್ರಿಕೋನ ಬರೆದು, ಅದರ ತುದಿಗೆ ಅಡ್ಡಗೆರೆ ಎಳೆದು, “ಬಾಣದ ದಿಕ್ಕಿನಲ್ಲಿ ವಿದ್ಯುತ್ತು ಹರಿಯುತ್ತದೆ, ವಿರುದ್ಧ ದಿಕ್ಕಿನಲ್ಲಿ ಹರಿಯುವುದಿಲ್ಲ” ಎಂದು ಬರೆಯಿಸಿದ್ದೆ. ಆಗ ಇವನು ಎದ್ದು ನಿಂತು, “ಸರ್, ಕರೆಂಟು ಯಾವ ಕಡೆಯಿಂದ ಬಂತು ಅಂತ ಡಯೋಡಿಗೆ ಹೇಗೆ ಗೊತ್ತಾಗ್ತದೆ?” ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ನಾನು, “ಅದು ಅದರ ಸ್ವಭಾವ, ಕೂತ್ಕೋ” ಎಂದೆ. ಪಾಠ ಮುಗಿಸುವ ಅವಸರವಿತ್ತು ನಿಜ. ಅದಕ್ಕಿಂತ ಹೆಚ್ಚಿನ ನಿಜವೆಂದರೆ, ಉತ್ತರ ನನಗೇ ಸ್ಪಷ್ಟವಿರಲಿಲ್ಲ. ಬಿ.ಎಡ್. ತರಬೇತಿಯಲ್ಲಿ ಪಾಠಟಿಪ್ಪಣಿ ಬರೆಯುವುದನ್ನು ಕಲಿತಿದ್ದೆ. ‘ಗೊತ್ತಿಲ್ಲ, ನಾಳೆ ನೋಡಿಕೊಂಡು ಬಂದು ಹೇಳುತ್ತೇನೆ’ ಎನ್ನುವುದನ್ನು ಕಲಿತಿರಲಿಲ್ಲ.

ನಿವೃತ್ತಿಯ ಬಿಡುವಿನಲ್ಲಿ ಡಯೋಡಿನ ಇತಿಹಾಸವನ್ನು ಓದುತ್ತ ಹೋದಂತೆ ನನ್ನ ನಾಚಿಕೆ ಇನ್ನಷ್ಟು ಹೆಚ್ಚಿತು. ಆ ಹುಡುಗನ ಪ್ರಶ್ನೆಗೆ ಉತ್ತರ ಹುಡುಕಲು ಜಗತ್ತಿನ ಭೌತವಿಜ್ಞಾನಿಗಳಿಗೆ ಅರವತ್ತೈದು ವರ್ಷಗಳು ಬೇಕಾದವು. ಅಲ್ಲಿಯವರೆಗೆ ಅವರೂ ಒಂದು ರೀತಿಯಲ್ಲಿ ‘ಅದು ಅದರ ಸ್ವಭಾವ’ ಎಂದೇ ಕೆಲಸ ಸಾಗಿಸಿದ್ದರು.

ಕಥೆ ಆರಂಭವಾಗುವುದು ಒಬ್ಬ ಶಾಲಾ ಮಾಸ್ತರರಿಂದ. ಇದು ನನಗೆ ವಿಶೇಷ ಸಂತೋಷ ಕೊಟ್ಟ ಸಂಗತಿ. ಜರ್ಮನಿಯ ಲೈಪ್‌ಜಿಗ್ ನಗರದ ಸಂತ ಥಾಮಸ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಫರ್ಡಿನಂಡ್ ಬ್ರೌನ್ ಎಂಬ ಇಪ್ಪತ್ನಾಲ್ಕರ ತರುಣ 1874ರಲ್ಲಿ ಲೋಹದ ಸಲ್ಫೈಡುಗಳ ಹರಳುಗಳನ್ನು ಪರೀಕ್ಷಿಸುತ್ತಿದ್ದರು. ಗೆಲೀನಾ, ಅಂದರೆ ಸೀಸದ ಅದಿರು, ಅಂಥ ಒಂದು ಹರಳು. ಹರಳಿಗೆ ತೆಳುವಾದ ತಂತಿಯ ತುದಿಯನ್ನು ಒತ್ತಿ ವಿದ್ಯುತ್ತು ಹರಿಸಿದಾಗ ಒಂದು ದಿಕ್ಕಿನಲ್ಲಿ ಸುಲಭವಾಗಿ ಹರಿಯಿತು. ಬ್ಯಾಟರಿಯ ತಂತಿಗಳನ್ನು ಅದಲುಬದಲು ಮಾಡಿದರೆ ಬಹಳ ಕಡಿಮೆ ಹರಿಯಿತು. ತಾಮ್ರದ ತಂತಿಗೆ ಹಿಂದುಮುಂದೆಂಬ ಭೇದವಿಲ್ಲ. ಈ ಕಲ್ಲಿಗೆ ಮಾತ್ರ ಇತ್ತು. ಕಾರಣ ಹೇಳಲು ಬ್ರೌನರಿಗೆ ಸಾಧ್ಯವಾಗಲಿಲ್ಲ, ಆಗ ಅದರಿಂದ ಉಪಯೋಗವೂ ಕಾಣಲಿಲ್ಲ. ಮುಂದೆ ಅವರು ದೂರದರ್ಶನದ ಚಿತ್ರನಳಿಕೆಯ ಪೂರ್ವಜವನ್ನು 1897ರಲ್ಲಿ ನಿರ್ಮಿಸಿದರು. ನಿಸ್ತಂತು ಸಂಪರ್ಕದ ಕೆಲಸಕ್ಕಾಗಿ 1909ರಲ್ಲಿ ಮಾರ್ಕೋನಿಯವರೊಂದಿಗೆ ನೊಬೆಲ್ ಪ್ರಶಸ್ತಿ ಹಂಚಿಕೊಂಡರು.

ಹರಳಿನ ಈ ಗುಣವನ್ನು ಅಲೆಗಳ ಪತ್ತೆಗೆ ದುಡಿಸಿಕೊಂಡವರು ನಮ್ಮ ಜಗದೀಶಚಂದ್ರ ಬೋಸರು. ಕಲಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿದ್ದುಕೊಂಡು ಅವರು ಗೆಲೀನಾ ಹರಳಿನ ಶೋಧಕವನ್ನು ರೂಪಿಸಿದರು. ಜ್ಞಾನವನ್ನು ಮಾರಬಾರದೆಂಬ ಮನೋಭಾವದ ಬೋಸರಿಗೆ ಪೇಟೆಂಟು ಪಡೆಯುವ ಇಚ್ಛೆಯಿರಲಿಲ್ಲ. ಸೋದರಿ ನಿವೇದಿತಾ ಮತ್ತು ಸಾರಾ ಬುಲ್ ಅವರ ಒತ್ತಾಯಕ್ಕೆ 1901ರಲ್ಲಿ ಅರ್ಜಿ ಹೋಯಿತು. 1904ರ ಮಾರ್ಚ್ 29ರಂದು ಅಮೆರಿಕದಲ್ಲಿ ಪೇಟೆಂಟು ಮಂಜೂರಾಯಿತು. ಅದೇ ವರ್ಷದ ಕೊನೆಗೆ ಇಂಗ್ಲೆಂಡಿನಲ್ಲಿ ಜಾನ್ ಆಂಬ್ರೋಸ್ ಫ್ಲೆಮಿಂಗ್ ಬೇರೊಂದು ದಾರಿಯಿಂದ ಇದೇ ಗುರಿಯನ್ನು ಮುಟ್ಟಿದರು. ಗಾಳಿ ತೆಗೆದ ಗಾಜಿನ ಬುರುಡೆಯಲ್ಲಿ ಕಾದ ತಂತಿಯಿಂದ ಹೊರಟ ಇಲೆಕ್ಟ್ರಾನುಗಳು ಎದುರಿನ ತಣ್ಣನೆಯ ತಗಡಿಗೆ ಹೋಗಬಲ್ಲವು. ತಣ್ಣನೆಯ ತಗಡಿನಿಂದ ಹಿಂದಿರುಗಿ ಬರಲಾರವು. ಇಲ್ಲಿ ಏಕಮುಖತೆಯ ಕಾರಣ ಸ್ಪಷ್ಟವಾಗಿಯೇ ಇತ್ತು. ‘ವಾಲ್ವ್’ ಎಂಬ ಹೆಸರೂ ಅದರಿಂದಲೇ ಬಂತು. ನಮ್ಮ ಹಿರಿಯರು ವಾಲ್ವ್ ರೇಡಿಯೋ ಎನ್ನುತ್ತಿದ್ದರಲ್ಲ, ಅದರ ಮೂಲ ಇದು. ಶಾಲೆಯಲ್ಲಿ ನಾನು ಫ್ಲೆಮಿಂಗರ ಹೆಸರನ್ನು ತಪ್ಪದೆ ಹೇಳಿದ್ದೇನೆ. ಬೋಸರನ್ನು ಮಾತ್ರ ಸಸ್ಯಗಳಿಗೆ ಜೀವವಿದೆ ಎಂಬ ಪಾಠಕ್ಕೆ ಮೀಸಲಿಟ್ಟುಬಿಟ್ಟಿದ್ದೆ. ಟ್ರಾನ್ಸಿಸ್ಟರಿನ ಜನಕರಲ್ಲೊಬ್ಬರಾದ ವಾಲ್ಟರ್ ಬ್ರಾಟೈನ್ ಅವರೇ 1955ರ ಒಂದು ಲೇಖನದಲ್ಲಿ, ಅರೆವಾಹಕ ಹರಳನ್ನು ರೇಡಿಯೋ ಅಲೆಗಳ ಪತ್ತೆಗೆ ಬಳಸಿದ ಮೊದಲಿಗರೆಂದು ಬೋಸರನ್ನು ಸ್ಮರಿಸಿದ್ದಾರೆ.

ರೇಡಿಯೋಗೆ ಏಕಮುಖದ ಬಾಗಿಲು ಏತಕ್ಕೆ ಬೇಕು? ಇದನ್ನು ನಾನು ಪುಸ್ತಕದಿಂದಲ್ಲ, ಹಿತ್ತಿಲಿನಲ್ಲಿ ಕಲಿತೆ.

1974ರ ಸುಮಾರಿಗೆ, ನಾನು ಹೈಸ್ಕೂಲಿನಲ್ಲಿದ್ದಾಗ, ಹುಬ್ಬಳ್ಳಿಯಲ್ಲಿದ್ದ ಸೋದರಮಾವ ಒಂದು ಓಎ79 ಜರ್ಮೇನಿಯಂ ಡಯೋಡನ್ನೂ ಕಿವಿಗೆ ಸಿಕ್ಕಿಸುವ ಒಂದು ಹರಳಿನ ಇಯರ್‌ಫೋನನ್ನೂ ತಂದುಕೊಟ್ಟರು. ಗಾಜಿನ ಸಣ್ಣ ಕೊಳವೆ, ಎರಡು ತಂತಿಗಳು. ಭತ್ತದ ಕಾಳಿಗಿಂತ ತುಸು ದೊಡ್ಡದು. ಬಿದಿರಿನ ಗಳಕ್ಕೆ ತಾಮ್ರದ ತಂತಿ ಸುತ್ತಿ ಸುರುಳಿ ಮಾಡಿದೆ. ಎರಡು ತೆಂಗಿನಮರಗಳ ನಡುವೆ ಉದ್ದನೆಯ ಏರಿಯಲ್ ಕಟ್ಟಿದೆ. ಭೂಸಂಪರ್ಕಕ್ಕೆ ಒಂದು ತಂತಿಯನ್ನು ಭಾವಿಗೆ ಇಳಿಬಿಟ್ಟೆ. ಹೆಸರೇ ಭಾವಿಕೇರಿಯಾದ ಊರಿನಲ್ಲಿ ಭಾವಿಗೇನು ಬರ! ನೀರು ಸೇದಲು ಬಂದ ಅಜ್ಜಿ ಕೊಡಪಾನಕ್ಕೆ ತಂತಿ ಸಿಕ್ಕಿಕೊಂಡಿತೆಂದು ಗದರಿದ್ದೂ ಉಂಟು. ಬ್ಯಾಟರಿಯಿಲ್ಲ, ಕರೆಂಟಿಲ್ಲ. ಆಕಾಶದಿಂದ ಬಂದ ಅಲೆಯ ಶಕ್ತಿಯೇ ಕಿವಿಯಲ್ಲಿ ನುಡಿಯಬೇಕು.

ನನ್ನ ಆಸೆ ಧಾರವಾಡ ಆಕಾಶವಾಣಿಯದು. 1950ರ ಜನವರಿ 8ರಂದು ಪ್ರಸಾರ ಆರಂಭಿಸಿದ ಆ ಕೇಂದ್ರ ನಮ್ಮ ಮನೆಯವರ ಪಾಲಿಗೆ ಗಡಿಯಾರವೂ ಆಗಿತ್ತು, ಸಂಗೀತ ಗುರುವೂ ಆಗಿತ್ತು. ಆದರೆ ಮೂರು ರಾತ್ರಿ ಕುಳಿತರೂ ಧಾರವಾಡ ಸ್ಪಷ್ಟವಾಗಿ ಸಿಗಲಿಲ್ಲ. ಸಿಕ್ಕಿದ್ದು ಪಣಜಿ, ಒಂದು ಕೊಂಕಣಿ ಹಾಡು. ನಡುವೆ ಘಟ್ಟವಿರುವುದರಿಂದ ಹೀಗಾಯಿತೆಂದು ಅಂದುಕೊಂಡಿದ್ದೆ. ಅದೂ ಒಂದು ಕಾರಣವಿದ್ದೀತು. ಇನ್ನೊಂದು ಕಾರಣ ಸಮುದ್ರ. ಮಧ್ಯಮ ತರಂಗಗಳು ಒಣನೆಲದ ಮೇಲೆ ಸಾಗುವಾಗ ಬೇಗ ಸೊರಗುತ್ತವೆ. ಉಪ್ಪುನೀರು ಒಳ್ಳೆಯ ವಾಹಕವಾದ್ದರಿಂದ ಅದರ ಮೇಲೆ ಬಹಳ ದೂರ ಸಾಗಿ ಬರುತ್ತವೆ. ಪಣಜಿಯ ಅಲೆಗೆ ಕಡಲ ಹಾದಿಯಿತ್ತು.

ಈಗ ಡಯೋಡಿನ ಕೆಲಸ. ಏರಿಯಲ್ಲಿಗೆ ಬರುವ ವಿದ್ಯುತ್ತು ಸೆಕೆಂಡಿಗೆ ಲಕ್ಷಾಂತರ ಬಾರಿ ಮುಂದಕ್ಕೂ ಹಿಂದಕ್ಕೂ ತೂಗುತ್ತಿರುತ್ತದೆ. ಹಾಡುಗಾರನ ದನಿಗೆ ತಕ್ಕಂತೆ ಆ ತೂಗುವಿಕೆಯ ಎತ್ತರ ಹೆಚ್ಚುಕಡಿಮೆಯಾಗುತ್ತದೆ. ಆದರೆ ಮುಂದಕ್ಕೆ ತಳ್ಳಿದಷ್ಟನ್ನೇ ಮರುಕ್ಷಣ ಹಿಂದಕ್ಕೆ ಎಳೆಯುವುದರಿಂದ ಇಯರ್‌ಫೋನಿನ ತೆಳುಪರದೆ ಅಲುಗುವುದೇ ಇಲ್ಲ. ಒಟ್ಟು ಮೊತ್ತ ಸೊನ್ನೆ. ಡಯೋಡು ಹಿಂದಿನ ಅರ್ಧವನ್ನು ತಡೆದುಬಿಡುತ್ತದೆ. ಉಳಿದ ಅರ್ಧದ ಸರಾಸರಿ ಸೊನ್ನೆಯಲ್ಲ, ಅದು ದನಿಯ ಏರಿಳಿತವನ್ನೇ ಹಿಂಬಾಲಿಸುತ್ತದೆ. ಅರ್ಧವನ್ನು ಕಳೆದುಕೊಂಡಾಗಲೇ ಹಾಡು ಕೇಳಿಸುವುದು.

ಡಯೋಡು ಬರುವ ಮೊದಲಿನವರು ಇದನ್ನು ಗೆಲೀನಾ ಹರಳಿನಿಂದ ಮಾಡುತ್ತಿದ್ದರು. ತಂತಿಯ ತುದಿಯನ್ನು ಹರಳಿನ ಮೇಲೆ ಅಲ್ಲಿ ಇಲ್ಲಿ ಚುಚ್ಚಿ, ದನಿ ಬರುವ ಒಂದು ಬಿಂದುವನ್ನು ತಡಕಬೇಕಿತ್ತು. ಯಾರಾದರೂ ಮೇಜು ಅಲುಗಿಸಿದರೆ ಮತ್ತೆ ಮೊದಲಿನಿಂದ. ಎರಡನೆಯ ಮಹಾಯುದ್ಧದಲ್ಲಿ ಇಟಲಿಯ ಆಂಜಿಯೋ ಕಡಲತೀರದ ಕಂದಕಗಳಲ್ಲಿ ಸೈನಿಕರು ಕ್ಷೌರದ ಬ್ಲೇಡು ಮತ್ತು ಪೆನ್ಸಿಲಿನ ಸೀಸದಿಂದಲೇ ಈ ಕೆಲಸ ಸಾಧಿಸಿ 1944ರಲ್ಲಿ ರೇಡಿಯೋ ಕೇಳಿದರು. ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಆರಂಭಿಸಿದಾಗ ಅವರ ಪ್ರಸಾರಕದ ಸಾಮರ್ಥ್ಯ ಕೇವಲ 30 ವ್ಯಾಟ್. ನಮ್ಮ ಹಿಂದಿನ ಕಾಲದ ಒಂದು ಮಂದ ಬಲ್ಬಿನಷ್ಟು.

ನಮ್ಮ ಜಿಲ್ಲೆಗೆ ಸಂಬಂಧಿಸಿದ, ನನ್ನ ವಿದ್ಯಾರ್ಥಿಗಳಲ್ಲಿ ಬಹುಮಂದಿಗೆ ತಿಳಿಯದ ಒಂದು ರೇಡಿಯೋ ಕಥೆಯನ್ನು ಇಲ್ಲಿ ಹೇಳದಿರಲಾರೆ. ಕಾರವಾರದ ಆಚೆಗೆ ಗೋವೆಯಲ್ಲಿ ಪೋರ್ಚುಗೀಸರಿದ್ದ ಕಾಲ. ಅವರ ಸರಕಾರಿ ಬಾನುಲಿ ‘ಎಮಿಸೋರಾ ದೆ ಗೋವಾ’ 1946ರಿಂದ ನುಡಿಯುತ್ತಿತ್ತು. ಅದಕ್ಕೆ ಎದುರಾಗಿ 1955ರ ನವೆಂಬರ್ 25ರಿಂದ ಗಡಿಯ ಕಾಡಿನಿಂದ ಮತ್ತೊಂದು ದನಿ ಏಳತೊಡಗಿತು. ವಾಮನ ಸರದೇಸಾಯಿ ಮತ್ತು ಲಿಬಿಯಾ ಲೋಬೋ ಎಂಬ ತರುಣ ತರುಣಿಯರು ನಡೆಸಿದ ಗುಪ್ತ ಬಾನುಲಿ ಅದು. ಕೊಂಕಣಿಯಲ್ಲೂ ಪೋರ್ಚುಗೀಸಿನಲ್ಲೂ ಸ್ವಾತಂತ್ರ್ಯದ ಸುದ್ದಿ ಬಿತ್ತರಿಸುತ್ತಿತ್ತು. ಮೊದಲು ಅಂಬೋಲಿಯ ಕಾಡಿನಲ್ಲಿದ್ದ ಆ ಕೇಂದ್ರ ಬಳಿಕ ನಮ್ಮ ಜಿಲ್ಲೆಯ ಕ್ಯಾಸಲ್‌ರಾಕಿಗೆ ಬಂತು. 1961ರ ಡಿಸೆಂಬರಿನಲ್ಲಿ ಗೋವೆ ಬಿಡುಗಡೆಯಾದಾಗ ಇವರಿಬ್ಬರೂ ವಿಮಾನವೇರಿ ಧ್ವನಿವರ್ಧಕದಲ್ಲಿ ಆ ಸುದ್ದಿಯನ್ನು ಸಾರಿದರು. ಲಿಬಿಯಾ ಅವರಿಗೆ ತಮ್ಮ ನೂರರ ವಯಸ್ಸಿನಲ್ಲಿ, 2025ರಲ್ಲಿ, ಪದ್ಮಶ್ರೀ ಸಂದಿತು. ಗೋವೆಯ ಮನೆಗಳ ವಾಲ್ವ್ ರೇಡಿಯೋದೊಳಗೆ ಎರಡೂ ದನಿಗಳು ಒಂದೇ ಡಯೋಡಿನ ಮೂಲಕ ಹಾದುಹೋಗುತ್ತಿದ್ದವು. ಯಾವುದನ್ನು ಕೇಳಬೇಕೆಂದು ನಿರ್ಧರಿಸುವುದು ಗುಂಡಿ ತಿರುಗಿಸುವ ಕೈಗೆ ಬಿಟ್ಟದ್ದು.

ಮತ್ತೆ ಹುಡುಗನ ಪ್ರಶ್ನೆಗೆ ಬರುತ್ತೇನೆ. ಲೋಹದ ತುದಿ ಹರಳಿಗೆ ತಾಗಿದಲ್ಲಿ ಏನಾಗುತ್ತದೆಂಬುದನ್ನು ಜರ್ಮನಿಯ ವಾಲ್ಟರ್ ಶಾಟ್ಕಿ, ಇಂಗ್ಲೆಂಡಿನ ನೆವಿಲ್ ಮಾಟ್ ಮುಂತಾದವರು ತೃಪ್ತಿಕರವಾಗಿ ವಿವರಿಸಿದ್ದು 1938–39ರ ಹೊತ್ತಿಗೆ. 1940ರ ಫೆಬ್ರವರಿಯಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ರಸೆಲ್ ಓಲ್ ಎಂಬವರು ಬಿರುಕು ಬಿಟ್ಟ ಒಂದು ಸಿಲಿಕಾನ್ ಕಡ್ಡಿಯನ್ನು ಪರೀಕ್ಷಿಸುತ್ತಿದ್ದಾಗ, ಅದರ ಮೇಲೆ ಬೆಳಕು ಬಿದ್ದೊಡನೆ ಅರ್ಧ ವೋಲ್ಟಿನಷ್ಟು ವಿದ್ಯುತ್ತು ಕಾಣಿಸಿತು. ಕರಗಿದ ಸಿಲಿಕಾನ್ ಗಟ್ಟಿಯಾಗುವಾಗ ಅದರಲ್ಲಿದ್ದ ಕಲ್ಮಶಗಳು ಬೇರ್ಪಟ್ಟು, ಕಡ್ಡಿಯ ಒಂದು ಭಾಗ ಒಂದು ಬಗೆಯ, ಇನ್ನೊಂದು ಭಾಗ ಇನ್ನೊಂದು ಬಗೆಯ ಅರೆವಾಹಕವಾಗಿತ್ತು. ಇವೇ ‘ಪಿ’ ಮತ್ತು ‘ಎನ್’. ಎರಡೂ ಕೂಡುವ ಗಡಿಯೇ ಸಂಧಿ. ಅದರ ಪೂರ್ಣ ಗಣಿತವನ್ನು ವಿಲಿಯಂ ಶಾಕ್ಲಿ 1949ರಲ್ಲಿ ಬರೆದರು.

ಇದನ್ನು ಆ ದಿನ ತರಗತಿಯಲ್ಲಿ ಹೇಳುವುದು ಅಷ್ಟೇನೂ ಕಷ್ಟವಿರಲಿಲ್ಲ. ಉದಾಹರಣೆ ನಮ್ಮ ಬದಿಯಲ್ಲೇ ಇತ್ತು. ಗಂಗಾವಳಿ, ಅಘನಾಶಿನಿ ನದಿಗಳ ಅಳಿವೆಯಲ್ಲಿರುವ ಗಜನಿ ಗದ್ದೆಗಳನ್ನು ನೀವೆಲ್ಲ ನೋಡಿದ್ದೀರಿ. ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುವ ನೆಲ. ಗದ್ದೆಗೂ ಹೊಳೆಗೂ ನಡುವಿನ ಕಟ್ಟೆಯ ತೂಬಿಗೆ ಕೆಲವೆಡೆ ಹಲಗೆಗಳನ್ನು ಕೈಯಿಂದ ಇಳಿಸುತ್ತಾರೆ; ಕೆಲವೆಡೆ ಬಾಗಿಲು ತಾನಾಗಿಯೇ ಮುಚ್ಚುವಂತೆ ಹೊಳೆಯ ಬದಿಗೆ ತೂಗುಹಾಕುತ್ತಾರೆ. ಸಮುದ್ರ ಇಳಿದಾಗ ಗದ್ದೆಯ ಮಳೆನೀರು ಬಾಗಿಲನ್ನು ಹೊರಕ್ಕೆ ದೂಡಿಕೊಂಡು ಹೋಗುತ್ತದೆ. ಉಬ್ಬರ ಬಂದಾಗ ಉಪ್ಪುನೀರು ಅದೇ ಬಾಗಿಲನ್ನು ಚೌಕಟ್ಟಿಗೆ ಒತ್ತಿ ಹಿಡಿಯುತ್ತದೆ. ನೀರು ಯಾವ ಕಡೆಯದೆಂದು ಬಾಗಿಲಿಗೆ ಗೊತ್ತಿಲ್ಲ. ಗೊತ್ತಿರಬೇಕಾಗಿಯೂ ಇಲ್ಲ. ಒಳಗೆ ಬರಲೆಳಸುವ ನೀರೇ ತನ್ನ ಬಲದಿಂದ ಅದನ್ನು ಮುಚ್ಚಿಕೊಳ್ಳುತ್ತದೆ.

ಡಯೋಡಿನಲ್ಲೂ ಇದೇ ನಡೆಯುತ್ತದೆ, ಆದರೆ ಅಲ್ಲಿ ಮರದ ಹಲಗೆಯಿಲ್ಲ. ಎನ್ ಭಾಗದಲ್ಲಿ ಓಡಾಡುವ ಇಲೆಕ್ಟ್ರಾನುಗಳು ಹೇರಳ; ಪಿ ಭಾಗದಲ್ಲಿ ಇಲೆಕ್ಟ್ರಾನು ಇರಬೇಕಾದ ಜಾಗಗಳು ಖಾಲಿ, ಅವನ್ನೇ ರಂಧ್ರಗಳೆನ್ನುತ್ತೇವೆ. ಎರಡನ್ನೂ ಕೂಡಿಸಿದೊಡನೆ ಗಡಿಯ ಸಮೀಪದ ಇಲೆಕ್ಟ್ರಾನುಗಳು ಆಚೆ ದಾಟಿ ಖಾಲಿ ಜಾಗಗಳನ್ನು ತುಂಬುತ್ತವೆ. ಅವು ಬಿಟ್ಟುಹೋದ ಕಡೆಯಲ್ಲಿ ಧನವಿದ್ಯುತ್ತಿನ ಪರಮಾಣುಗಳು, ಹೋಗಿ ಸೇರಿದ ಕಡೆಯಲ್ಲಿ ಋಣವಿದ್ಯುತ್ತಿನವು ಉಳಿಯುತ್ತವೆ. ಈ ಪರಮಾಣುಗಳು ಹರಳಿನಲ್ಲಿ ನಾಟಿಕೊಂಡಿರುವುದರಿಂದ ಕದಲಲಾರವು. ಅವು ಎಬ್ಬಿಸಿದ ವಿದ್ಯುತ್ ಕ್ಷೇತ್ರವೇ ಮುಂದಿನ ಇಲೆಕ್ಟ್ರಾನುಗಳಿಗೆ ಅಡ್ಡಗೋಡೆ. ಬ್ಯಾಟರಿಯ ಧನಾಗ್ರವನ್ನು ಪಿ ಕಡೆಗೆ ಕೊಟ್ಟರೆ ಎರಡೂ ಬದಿಯವು ಗಡಿಯತ್ತ ತಳ್ಳಲ್ಪಟ್ಟು ಗೋಡೆ ತೆಳುವಾಗುತ್ತದೆ, ವಿದ್ಯುತ್ತು ಹರಿಯುತ್ತದೆ. ಅದಲುಬದಲು ಮಾಡಿದರೆ ಇಲೆಕ್ಟ್ರಾನುಗಳೂ ರಂಧ್ರಗಳೂ ಗಡಿಯಿಂದ ದೂರ ಸೆಳೆಯಲ್ಪಟ್ಟು ಗೋಡೆ ದಪ್ಪವಾಗುತ್ತದೆ. ಹಿಮ್ಮುಖದ ಒತ್ತಡವೇ ಬಾಗಿಲು ಮುಚ್ಚುತ್ತದೆ.

ಹಾಗೆಯೇ, ‘ಸಿಲಿಕಾನಿಗೆ 0.7 ವೋಲ್ಟ್, ಜರ್ಮೇನಿಯಮ್ಮಿಗೆ 0.3 ವೋಲ್ಟ್’ ಎಂದು ನಾನು ಬಾಯಿಪಾಠ ಮಾಡಿಸಿದ್ದನ್ನೂ ತುಸು ತಿದ್ದಬೇಕು. 0.69ರಲ್ಲಿ ಮುಚ್ಚಿ 0.7ರಲ್ಲಿ ತಟ್ಟನೆ ತೆರೆಯುವ ಬಾಗಿಲಲ್ಲ ಅದು. ಒತ್ತಡ ಸುಮಾರು 60ರಿಂದ 100 ಮಿಲಿವೋಲ್ಟ್ ಏರಿದಂತೆಲ್ಲ ಹರಿವು ಹತ್ತು ಪಟ್ಟಾಗುತ್ತದೆ. ನಾವು ಗಮನಿಸುವಷ್ಟು ವಿದ್ಯುತ್ತು ಹರಿಯುವ ಹೊತ್ತಿಗೆ 0.6, 0.7 ಬಂದಿರುತ್ತದೆ. ಬಿಸಿಯೇರಿದರೆ ಆ ಅಂಕಿ ಪ್ರತಿ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಜರ್ಮೇನಿಯಂ ಬಾಗಿಲು ಹಗುರ, ಕ್ಷೀಣ ಅಲೆಗೂ ತೆರೆಯುತ್ತದೆ. ಅದಕ್ಕಾಗಿಯೇ ಮಾವ ಓಎ79 ತಂದುಕೊಟ್ಟದ್ದು. ಸಿಲಿಕಾನಿನದಾಗಿದ್ದರೆ ಪಣಜಿಯೂ ಸಿಗುತ್ತಿರಲಿಲ್ಲ.

ನಮ್ಮ ನಾಡಿನಲ್ಲಿ ಈ ವಸ್ತುಗಳ ತಯಾರಿಕೆ ಬಹಳ ತಡವಾಗಿ ಬಂದದ್ದೇನಲ್ಲ. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತ್ ಇಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೋ ವಾಲ್ವುಗಳನ್ನೂ ಮರುವರ್ಷವೇ ಜರ್ಮೇನಿಯಂ ಅರೆವಾಹಕಗಳನ್ನೂ ತಯಾರಿಸತೊಡಗಿತು. ಫ್ಲೆಮಿಂಗರ ದಾರಿಯೂ ಬೋಸರ ದಾರಿಯೂ ಜಾಲಹಳ್ಳಿಯಲ್ಲಿ ಒಂದೇ ವರ್ಷದ ಅಂತರದಲ್ಲಿ ಕೂಡಿಕೊಂಡವು. ಆಮೇಲೆ ಮನೆಮನೆಗೆ ಟ್ರಾನ್ಸಿಸ್ಟರು ಬಂತು. ಸೆಲ್ಲಿನ ಖರ್ಚು ಉಳಿಸಲು ಬ್ಯಾಟರಿ ಎಲಿಮಿನೇಟರು ಬಂತು. ವಾರ್ತೆಯ ಹಿಂದೆ ‘ಗುಂಯ್’ ಎಂಬ ಶ್ರುತಿ ಹಿಡಿದಂತಹ ಸದ್ದು ನೆನಪಿದೆಯೇ? ಒಂದೇ ಡಯೋಡಿದ್ದರೆ ಸೆಕೆಂಡಿಗೆ 50 ತುಡಿತ, ನಾಲ್ಕನ್ನು ಸೇತುವೆಯಂತೆ ಜೋಡಿಸಿದ್ದರೆ 100. ನಡುವಿನ ತಗ್ಗುಗಳನ್ನು ಕೆಪಾಸಿಟರು ಪೂರ್ತಿ ತುಂಬದಿದ್ದಾಗ ಕೇಳುವ ಸದ್ದು ಅದು.

ನೇರವಾಗಿ 230 ವೋಲ್ಟಿಗೆ ಡಯೋಡು ಹಾಕುವಾಗ ನಾನೊಮ್ಮೆ ಮೂರ್ಖನಾದೆ. 400 ವೋಲ್ಟ್ ತಾಳುವ ಡಯೋಡು ಧಾರಾಳವಾಯಿತೆಂದು ಭಾವಿಸಿ, ಅದರ ಮುಂದೆ ಕೆಪಾಸಿಟರಿಟ್ಟು ಪ್ರಯೋಗಶಾಲೆಯಲ್ಲಿ ಗುಂಡಿ ಒತ್ತಿದೆ. ‘ಟಪ್’ ಎಂದು ಸಿಡಿಯಿತು, ಫ್ಯೂಸು ಹೋಯಿತು, ನೀವು ಕೆಲವರು ಚಪ್ಪಾಳೆ ತಟ್ಟಿದಿರಿ. 230 ಎಂಬುದು ಒಂದು ಬಗೆಯ ಸರಾಸರಿ. ಅಲೆಯ ಶಿಖರ 325. ಕೆಪಾಸಿಟರು ಆ ಶಿಖರದವರೆಗೆ ತುಂಬಿಕೊಂಡು ನಿಂತಿರುವಾಗ ಆಚೆಯಿಂದ ವಿರುದ್ಧ ದಿಕ್ಕಿನ 325 ಬಂದರೆ ಮುಚ್ಚಿದ ಬಾಗಿಲ ಮೇಲಿನ ಒತ್ತಡ 650. ಹಳೆಯ ಮೆಕ್ಯಾನಿಕರು 1250 ವೋಲ್ಟ್ ತಾಳುವ ಬಿವೈ127 ಬಿಟ್ಟು ಬೇರೆಯದನ್ನು ಮುಟ್ಟುತ್ತಿರಲಿಲ್ಲ. ಅವರು ಈ ಲೆಕ್ಕವನ್ನು ಅನುಭವದಿಂದಲೇ ಅರಿತಿದ್ದರು.

ಇನ್ನು ಆ ಸುಟ್ಟ ಡಯೋಡು. ಅದು ಒಂದು ಸೌರ ಫಲಕದ ಹಿಂಬದಿಯ ಪೆಟ್ಟಿಗೆಯಲ್ಲಿದ್ದದ್ದು. ಓಲ್ ಕಂಡ ಆ ಅರ್ಧ ವೋಲ್ಟನ್ನು ನೆನಪಿಸಿಕೊಳ್ಳಿ: ಸೌರಕೋಶವೆಂದರೆ ಬೆಳಕಿಗೆ ಮೈಯೊಡ್ಡಿದ ಅಗಲವಾದ ಡಯೋಡೇ. 12 ವೋಲ್ಟಿನ ಫಲಕದಲ್ಲಿ ಅಂಥ 36 ಕೋಶಗಳು ಸಾಲಾಗಿರುತ್ತವೆ. ನಮ್ಮಲ್ಲಿ ಮಾಡಿನ ಮೇಲೆ ತೆಂಗಿನ ಗರಿಯ ನೆರಳು ಬೀಳದ ಮನೆ ಯಾವುದು? ಒಂದು ಕೋಶಕ್ಕೆ ನೆರಳು ಬಿದ್ದರೆ ಇಡೀ ಸಾಲಿನ ಹರಿವು ಅಲ್ಲಿ ತಡೆಯುತ್ತದೆ, ಆ ಕೋಶ ಕಾದು ಹಾಳಾಗಲೂಬಹುದು. ಅದಕ್ಕಾಗಿ ಪಕ್ಕದಲ್ಲೊಂದು ಒಳದಾರಿಯ ಡಯೋಡನ್ನು ಇಟ್ಟಿರುತ್ತಾರೆ. ಸಾಮಾನ್ಯವಾಗಿ ಮುಚ್ಚಿರುತ್ತದೆ, ನೆರಳು ಬಿದ್ದಾಗ ತೆರೆದು ಉಳಿದ ಕೋಶಗಳ ವಿದ್ಯುತ್ತಿಗೆ ಹಾದಿ ಕೊಡುತ್ತದೆ.

ಆ ಮನೆಯವರು ಕೆಟ್ಟುಹೋದ ನಿಯಂತ್ರಕ ಪೆಟ್ಟಿಗೆಯನ್ನು ತೆಗೆದು ಫಲಕದ ತಂತಿಗಳನ್ನು ನೇರವಾಗಿ ಬ್ಯಾಟರಿಗೆ ಸಿಕ್ಕಿಸಿದ್ದರಂತೆ, ಅದೂ ಕೆಂಪು ಕಪ್ಪು ಅದಲುಬದಲಾಗಿ. “ಹಂಗಾರೆ ಕೋಶಗಳು ಸುಡದೆ ಇದೊಂದೇ ಯಾಕೆ ಸುಟ್ಟಿತು ಸರ್?” ಎಂಬುದು ಅವನ ಹೊಸ ಪ್ರಶ್ನೆ. ಈ ಬಾರಿ ನಾನು ಕೂರಲು ಹೇಳಲಿಲ್ಲ, ಅವನೇ ಕುಳಿತ. ಕಾಗದ ತೆಗೆದುಕೊಂಡು ಇಬ್ಬರೂ ಬರೆದು ನೋಡಿದೆವು. ತಲೆಕೆಳಗಾದ ಬ್ಯಾಟರಿಗೆ ಕೋಶಗಳು ಮುಚ್ಚಿದ ಬಾಗಿಲುಗಳು; ಒಳದಾರಿಯ ಡಯೋಡು ಮಾತ್ರ ಹಾರುಹೊಡೆದ ಬಾಗಿಲು. ಬ್ಯಾಟರಿಯಲ್ಲಿದ್ದ ಹತ್ತಾರು ಆಂಪಿಯರುಗಳೆಲ್ಲ ಅದೊಂದರ ಮೂಲಕವೇ ನುಗ್ಗಿದವು. ಮುಚ್ಚಲಾರದೆ ಕೆಟ್ಟದ್ದಲ್ಲ, ತನ್ನ ದಿಕ್ಕಿನಲ್ಲೇ ತೆರೆದುಕೊಂಡು ಸುಟ್ಟದ್ದು.

ಅವನು ಕಾಗದವನ್ನು ಮಡಚಿ ಕಿಸೆಗಿಟ್ಟುಕೊಂಡ. ಡಯೋಡನ್ನು ನನಗೇ ಬಿಟ್ಟುಹೋದ. ಮಾವ ಕೊಟ್ಟ ಓಎ79 ಇರುವ ಡಬ್ಬಿಯಲ್ಲೇ ಅದನ್ನೂ ಹಾಕಿಟ್ಟಿದ್ದೇನೆ. ಮೊನ್ನೆ ಎರಡನ್ನೂ ಮೀಟರಿಗೆ ಹಚ್ಚಿದೆ. ಸುಟ್ಟದ್ದು ಈಗ ಎರಡೂ ಕಡೆ ಒಂದೇ ತೋರಿಸುತ್ತದೆ, ಬರಿಯ ತಂತಿಯಂತೆ. ಐವತ್ತು ವರ್ಷದ ಓಎ79 ಒಂದು ಕಡೆ 0.28 ವೋಲ್ಟ್ ತೋರಿಸಿತು, ಇನ್ನೊಂದು ಕಡೆ ಏನೂ ಇಲ್ಲ.